ಶೌಚಾಲಯದ ಕ್ಯಾಲೆಂಡರ್

ಲ್ಯೂವಾರ್ಡೆನ್, ಬುಧವಾರ

ಪ್ರಿಯ ಸಿಬ್ರೆನ್,

ಬೆಳಿಗ್ಗೆ ಶೌಚಾಲಯದಲ್ಲಿ, ಈ ಊರಿನವರೆಲ್ಲರಂತೆ ನಾವೂ ತೂಗುಹಾಕಿರುವ ನೆಂಟರ ಹುಟ್ಟುಹಬ್ಬಗಳ ಕ್ಯಾಲೆಂಡರಿನ ಮೇಲೆ ಬಿಸಿಲು ಬಿದ್ದಿತ್ತು. ನಿನ್ನ ಚಿಕ್ಕಮ್ಮನ ಹೆಸರಿನ ಕೆಳಗೆ ಪೆನ್ಸಿಲಿನ ಏಳು ಸಣ್ಣ ಇಂಟು ಗುರುತುಗಳು ಕಂಡವು. ಹಿಂದಿನ ತಿಂಗಳಲ್ಲೂ ಏಳು. ಎಲ್ಲವೂ ನನ್ನ ಮುಟ್ಟಿನ ಹಿಂದಿನ ದಿನಗಳು, ನಿನ್ನ ಕೈಬರಹ. ಹೋದ ವಾರ ಕಾಫಿಗೆ ಬಂದ ನಿನ್ನ ಅಮ್ಮ ಶೌಚಾಲಯದಿಂದ ಹೊರಬಂದು, "ಬಾಯಿ ಮುಚ್ಕೊಂಡು ಕೇಕ್ ತಿನ್ರಪ್ಪಾ, ಇವತ್ತು ಫೆನ್ನಾಗೆ ಇಂಟು ಬಿದ್ದಿದೆ!" ಎಂದಾಗ ಎಲ್ಲರೂ ನಕ್ಕಿದ್ದೇಕೆಂದು ಈಗ ತಿಳಿಯಿತು.

ದಿನಗಳನ್ನು ಬರೆದಿಡಲು ಡಾಕ್ಟರು ಹೇಳಿದ್ದು ನನಗೆ, ಬಂದವರೆಲ್ಲ ಓದಲೆಂದಲ್ಲ. ಆ ವಾರ ನಿದ್ದೆ ಬರುವುದಿಲ್ಲ, ಎದೆ ನೋಯುತ್ತದೆ, ಚಮಚ ಕೈಜಾರಿದರೂ ಅಳು ಬರುತ್ತದೆ. ನಿಜ. ಕಾಫಿ ಬಿಟ್ಟಿದ್ದೇನೆ, ಸಂಜೆ ಕಾಲುವೆಯುದ್ದಕ್ಕೂ ನಡೆಯುತ್ತೇನೆ, ತುಸು ಹಗುರಾಗುತ್ತದೆ. ಆದರೆ ಆ ವಾರವೂ ಯೋಚಿಸುವವಳು ನಾನೇ.

ಹೋದ ವಾರವೇ, ಈ ಮನೆ ಬಿಟ್ಟು ನಿನ್ನ ಅಮ್ಮನ ಮನೆಯ ಮಹಡಿಗೆ ಹೋಗೋಣವೆಂದು ನೀನು ಕೇಳಿದೆ. ಒಲ್ಲೆನೆಂದೆ. "ಈಗ ಬಿಡು ಚಿನ್ನಾ, ಮುಂದಿನ ವಾರ ಕೇಳ್ತೀನಿ. ಆಗ ನೀನೇ ಹೂಂ ಅಂತೀಯ" ಎಂದು ಬೆನ್ನು ತಟ್ಟಿದೆ. ಎದುರಿಗೆ ಹೇಳಲಾರದ್ದನ್ನು ಹೀಗೆ ಬರೆದಿಡುತ್ತೇನೆ. ಐದು ವರ್ಷ ಸಾಹಿತ್ಯ ಓದಿ ಬಂದ ಭಾಗ್ಯ ಇದು.

ಮುಂದಿನ ವಾರ ಬಂದಿದೆ. ಚೆನ್ನಾಗಿ ನಿದ್ದೆಯಾಗಿದೆ, ಮೈ ಹಗುರಾಗಿದೆ, ಈಗಲೂ ಒಲ್ಲೆ. ನಿನ್ನ ಕೋಟು ಒಗೆದು ಬಾಗಿಲ ಹಿಂದೆ ಹಾಕಿದ್ದೇನೆ. ಮಹಡಿಗೆ ಹೋಗುವಾಗ ಮರೆಯಬೇಡ. ಬಾಡಿಗೆ ಕರಾರನ್ನು ನನ್ನೊಬ್ಬಳ ಹೆಸರಿಗೆ ಮಾಡಿಕೊಡಲು ಮನೆ ಮಾಲೀಕರಿಗೆ ಹೇಳಿದ್ದೇನೆ.

ಇಂತು,
ಫೆನ್ನಾ