ಒದ್ದೆ ಶಾಯಿಯ ಪುಟ

ಪ್ರೀತಿಯ ಝಹೀರ್,

ಅಸ್ಸಲಾಮು ಅಲೈಕುಂ. ಕನ್ನಡ ಅಕ್ಷರ ಕಂಡು ಗಾಬರಿಯಾಗಬೇಡ. ನಿನಗೆ ನನ್ನ ಮನೆಮಾತು ನವಾಯತಿ ಬರುತ್ತಿರಲಿಲ್ಲ, ನನಗೆ ನಿನ್ನ ಬ್ಯಾರಿ ಬರುತ್ತಿರಲಿಲ್ಲ. ದುಬೈನ ದೇರಾದ ಆ ಫ್ಲ್ಯಾಟಿನಲ್ಲಿ ನಮ್ಮ ಎರಡೂ ಮನೆಯವರು ಒಂದೇ ಅಡುಗೆಮನೆ ಹಂಚಿಕೊಂಡಿದ್ದಾಗ ನಾವಿಬ್ಬರೂ ಜಗಳಾಡಿದ್ದೆಲ್ಲ ಕನ್ನಡದಲ್ಲೇ. ಭಟ್ಕಳದಲ್ಲಿ ಏಳನೇ ಕ್ಲಾಸು ಮುಗಿಸಿ ಬಂದ ನಾನೇ ನಿನಗೆ ಕನ್ನಡ ಓದಲು ಕಲಿಸಿದ್ದು. ಮರೆತಿದ್ದರೆ ನಾಚಿಕೆಯಾಗಬೇಕು ನಿನಗೆ.

ಈಗ ನೀನು ಅಮೆರಿಕದಲ್ಲಿ ದೊಡ್ಡ ಹೆಸರು. ಮೊದಲು ಬೇರೆಯವರ ಸೂಪರ್‌ಹೀರೋಗಳಿಗೆ ಚಿತ್ರ ಬರೆದೆ. ಆಮೇಲೆ ಕತೆಯೂ ಚಿತ್ರವೂ ನಿನ್ನದೇ ಆದ ಬೂದು ಮೇಲಂಗಿಯ ಹೀರೋ ಹುಟ್ಟಿದ. ಅವನ ಹನ್ನೊಂದು ವರ್ಷದ ಕಾಮಿಕ್ಸ್ ಅಷ್ಟೂ ಇಲ್ಲೇ ದುಬೈನ ಇಂಟರ್‌ನ್ಯಾಷನಲ್ ಸಿಟಿ ಬಡಾವಣೆಯ ನಮ್ಮ ಮನೆಯಲ್ಲಿ ಮಂಚದ ಕೆಳಗಿದೆ. ಮಗಳು ನುಹಾಳದ್ದು ಎಂದು ಎಲ್ಲರಿಗೂ ಹೇಳುತ್ತೇನೆ, ಅವಳಿಗಿಂತ ಮೊದಲು ಓದುವವಳು ನಾನು. ನಿನ್ನ ಹೀರೋ ಮುಳುಗುವ ಹಡಗನ್ನೂ ಎತ್ತುತ್ತಾನೆ, ಆದರೆ ಅವನ ಕೈ ಮಾತ್ರ ಕಾಣುವುದಿಲ್ಲ. ಒಮ್ಮೆ ಮೇಲಂಗಿಯೊಳಗೆ, ಒಮ್ಮೆ ಹೊಗೆಯ ಹಿಂದೆ, ಇಲ್ಲವೇ ನೀರಿನಡಿ.

ಮೊನ್ನೆ ನಾವು ಫೋನಿನಲ್ಲಿ ನೋಡಿದ ಸಂದರ್ಶನದಲ್ಲಿ ನಿನ್ನನ್ನು ಅದನ್ನೇ ಕೇಳಿದರು. “ಕೈ ಬರೆಯೋದು ಯಾವತ್ತೂ ನನ್ನ ಕೆಲಸ ಆಗಿರಲಿಲ್ಲ” ಅಂದೆ ನೀನು. ಎಲ್ಲರೂ ನಕ್ಕರು. ಮಮ್ಮಾ ಯಾಕೆ ಅಳ್ತಿದ್ದಾಳೆ ಎಂದು ನುಹಾ ಅವಳ ಅಪ್ಪನನ್ನು ಇಂಗ್ಲಿಷಿನಲ್ಲಿ ಕೇಳಿದಳು.

ಕೈ ನನ್ನ ಕೆಲಸವಾಗಿತ್ತಲ್ಲ, ಝಹೀರ್. ನೀನು ಪೆನ್ಸಿಲಿನಲ್ಲಿ ಮುಖ, ಮೈ, ಕಟ್ಟಡ ಎಲ್ಲ ಬರೆದು ಮುಂಗೈಯ ಜಾಗ ಖಾಲಿ ಬಿಡುತ್ತಿದ್ದೆ. ನಾನು ಕೈ ಬರೆದು ಶಾಯಿ ಹಚ್ಚುತ್ತಿದ್ದೆ. ಮೀನು ಹೆಚ್ಚುವ ನಿನ್ನ ಉಮ್ಮನ, ಅಂದರೆ ನನ್ನ ಜಮೀಲ ಆಂಟಿಯ, ಕೈಗಳೇ ನಮ್ಮ ಹೀರೋಗೆ. ಪುಟಗಳನ್ನು ಒಣಗಲು ಹರಡುತ್ತಿದ್ದುದು ಹಾಲ್‌ನ ಕಾರ್ಪೆಟ್ಟಿನ ಮೇಲೆ, ಆಂಟಿ ನಮಾಝ್ ಮಾಡುತ್ತಿದ್ದುದೂ ಅಲ್ಲೇ. ಕಣ್ಣಿರುವ ಚಿತ್ರ ಎದುರಿಗಿರಬಾರದೆಂದು, ಮಸೀದಿಯ ಬಾಂಗ್ ಕೇಳಿದ ಕೂಡಲೇ ಪುಟಗಳನ್ನು ಕವುಚಿ ಹಾಕುವುದು ನನ್ನ ಪಾಲಿಗೆ. ಒದ್ದೆಯಿದ್ದರೆ ಒಳಗೆ ಒಯ್ದು ಫ್ರಿಜ್ಜಿನ ಮೇಲಿಡಬೇಕು.

ಅಮೆರಿಕದ ಆರ್ಟ್ ಸ್ಕೂಲಿಗೆ ನೀನು ಕಳಿಸಬೇಕಿದ್ದ ಕೊನೆಯ ಪುಟ ಇಳಿಹೊತ್ತಿನ ಅಸರ್ ಬಾಂಗಿನ ಹೊತ್ತಿಗೆ ಇನ್ನೂ ಒದ್ದೆಯಿತ್ತು. ನಾನು ಕವುಚಿ ಹಾಕಿದೆ. ಹೀರೋನ ಎರಡೂ ಕೈ ಕಾರ್ಪೆಟ್ಟಿಗೆ ಮೆತ್ತಿಕೊಂಡವು. “ಇನ್ನು ನನ್ನ ಪುಟ ಮುಟ್ಬೇಡ ಮಾರಾಯ್ತಿ” ಅಂದೆ ನೀನು. ಸೂರ್ಯ ಮುಳುಗಿ ಮಗ್ರಿಬ್ ಆಗುವುದರೊಳಗೆ ಒಬ್ಬನೇ ಕೂತು ಹೊಸ ಪುಟ ಬರೆದೆ, ಕೈಗಳನ್ನು ಮೇಲಂಗಿಯೊಳಗೆ ಬಚ್ಚಿಟ್ಟು. ಸ್ಕೂಲಿನವರು ಮೆಚ್ಚಿದ್ದು ಅದನ್ನೇ ಅಂತೆ. ನೀನು ಹೊರಟ ದಿನ ನಾನು ಕೋಣೆಯಿಂದ ಆಚೆ ಬರಲಿಲ್ಲ.

ಇಪ್ಪತ್ತೆರಡು ವರ್ಷದಿಂದ ನುಂಗಿಕೊಂಡಿದ್ದನ್ನು ಹೇಳಿಬಿಡುತ್ತೇನೆ. ಅದು ಅವಸರದ ತಪ್ಪಲ್ಲ. ಬೆರಳಲ್ಲಿ ಮುಟ್ಟಿ, ಶಾಯಿ ಒಣಗಿಲ್ಲವೆಂದು ಗೊತ್ತಿದ್ದೇ ಕವುಚಿದೆ. ನೀನು ಹೋಗುವುದು ನನಗೆ ಬೇಡವಾಗಿತ್ತು. ಆಮೇಲೆ ನಾನು ಒಂದು ಕೈಯನ್ನೂ ಬರೆದಿಲ್ಲ. ದೇರಾದ ಕಡೆ ಬಸ್ಸಿನಲ್ಲಿ ಹೋಗುವಾಗ ಈಗಲೂ ನಮ್ಮ ಬಾಲ್ಕನಿ ಹುಡುಕುತ್ತೇನೆ, ಅಲ್ಲಿ ಯಾರದೋ ಬಟ್ಟೆ ಒಣಗುತ್ತಿರುತ್ತದೆ. ಇದನ್ನೆಲ್ಲ ನುಹಾಳ ಅಪ್ಪನಿಗೆ ಹೇಳಿದೆ. “ನನಗೆ ಹೇಳಿ ಏನು ಬಂತು? ಅವನಿಗೆ ಹೇಳು” ಅಂದರು.

ಅಬುಧಾಬಿಯ ಕಾಮಿಕ್ಸ್ ಮೇಳಕ್ಕೆ ಬರುತ್ತಿದ್ದೀಯಂತೆ. ಶುಕ್ರವಾರ ನುಹಾ ನಿನಗೆ ಈ ಪತ್ರ ಕೊಡುತ್ತಾಳೆ. ಶನಿವಾರ ನಿನ್ನ ಸಹಿ ಪಡೆಯುವವರ ಸಾಲಿನಲ್ಲಿ ಮತ್ತೆ ನಿಲ್ಲುತ್ತಾಳೆ, ಅವಳ ಹಿಂದೆ ನಾನಿರುತ್ತೇನೆ. ಅವಳ ಪುಸ್ತಕದಲ್ಲಿ ಹೀರೋನ ಚಿತ್ರ ಬರೆದುಕೊಡು. ನನ್ನ ಮೇಲೆ ಸಿಟ್ಟಿದ್ದರೆ ಕೈ ಮೇಲಂಗಿಯೊಳಗೇ ಇರಲಿ. ಖಲಾಸ್, ಒಂದು ಮಾತೂ ಆಡದೆ ದುಬೈ ಬಸ್ಸು ಹತ್ತುತ್ತೇನೆ. ಕ್ಷಮಿಸಿದ್ದರೆ, ತೋಳು ಹೊರಗೆ ಬರಲಿ, ಮುಂಗೈಯ ಜಾಗ ಖಾಲಿ ಬಿಡು. ಪೆನ್ನು ನಾನು ತರುತ್ತೇನೆ.

ಈ ಸಲ ಒಣಗುವವರೆಗೆ ಕಾಯುತ್ತೇನೆ.

ಅಲ್ಲಾಹು ನಿನ್ನ ಕೆಲಸದಲ್ಲಿ ಬರಕತ್ ಕೊಡಲಿ, ಶನಿವಾರದ ತನಕ ನನಗೆ ತಾಳ್ಮೆ ಕೊಡಲಿ.

ನಿನ್ನ ಹೀರೋನ ಕೈ ಬರೆಯುತ್ತಿದ್ದ
ಮೈಮೂನಾ