ಗೋಡೆಗೆ ಅಂಟಿಸಿದ ಗಾಜು

ಪ್ರೀತಿಯ ಚಿಕ್ಕಮ್ಮನಿಗೆ,

ಕಾರ್ಡಿನಲ್ಲಿ ಹಿಡಿಯುವಷ್ಟು ಬರೆಯುತ್ತೇನೆ. ಸಿವಿಲ್ ಎಂಜಿನಿಯರಿಂಗ್ ಓದಿ ಏನಾಗುತ್ತೀ ಎಂದು ಕೇಳಿದ್ದಿರಲ್ಲ. ಕೆಲವರು ಸೇತುವೆ ಕಟ್ಟುತ್ತಾರೆ, ಕೆಲವರು ರಸ್ತೆ ಹಾಕುತ್ತಾರೆ. ನಾನಂತೂ ಈ ಹೊಸ ಊರಿನಲ್ಲಿ ಗೋಡೆ ಕಂಡರೆ ಅನುಮಾನಪಡುವವಳಾಗಿದ್ದೇನೆ.

ಹಾಸ್ಟೆಲಿನಲ್ಲಿ ನನ್ನ ಮಂಚದ ಮೇಲ್ಗಡೆ ಗೋಡೆ ಬಿರುಕು ಬಿಟ್ಟಿತ್ತು. “ಬರೀ ಬಣ್ಣ ಸೀಳಿದೆ, ಸುಮ್ನೆ ಮಲಕ್ಕೋ,” ಎಂದರು ವಾರ್ಡನಮ್ಮ. ನನಗೆ ನಂಬಿಕೆ ಬರಲಿಲ್ಲ. ನಮ್ಮ ಮೇಷ್ಟ್ರು ತೆಳ್ಳನೆಯ ಗಾಜಿನ ಪಟ್ಟಿ ಕೊಟ್ಟು, “ಬಿರುಕಿಗೆ ಅಡ್ಡವಾಗಿ ಅಂಟಿಸು. ಗೋಡೆ ಜರುಗಿದ್ರೆ ಗಾಜು ಒಡೆಯುತ್ತೆ,” ಎಂದರು. ಅಂಟಿಸಿದೆ. ಒಂದು ದಿನ ತರಗತಿಯಿಂದ ಬಂದರೆ ಗಾಜೇ ಮಾಯ, ಬಿರುಕಿನ ಮೇಲೆ ಹಸಿ ಸುಣ್ಣ! ವಾರ್ಡನಮ್ಮನ ಉಗುರಿನ ಸಂದಿಯಲ್ಲೂ ಸುಣ್ಣ. ನಾನು ಇನ್ನೊಂದು ಗಾಜನ್ನು ಬೀರುವಿನ ಹಿಂದೆ, ಅದೇ ಬಿರುಕಿನ ಬಾಲಕ್ಕೆ ಅಂಟಿಸಿದೆ.

ನಿನ್ನೆ ಅದು ಎರಡು ತುಂಡಾಗಿತ್ತು. ಮೇಷ್ಟ್ರು ಬಂದು ನೋಡಿದವರೇ ಆ ಸಾಲಿನ ಕೋಣೆಗಳನ್ನೆಲ್ಲ ಖಾಲಿ ಮಾಡಿಸಿದರು. ಯಾರಿಗೂ ಏನೂ ಆಗಿಲ್ಲ, ಗಾಬರಿಯಾಗಬೇಡಿ. ಈಗ ಓದುವ ಕೋಣೆಯಲ್ಲೇ ಮಲಗುತ್ತಿದ್ದೇವೆ. ಸಾಮಾನು ಸಾಗಿಸಿದ ಧೂಳಿಗೆ ಸ್ವಲ್ಪ ಕೆಮ್ಮು. ಅಮ್ಮನಿಗೆ ಕೆಮ್ಮಿನ ವಿಷಯ ಮಾತ್ರ ಹೇಳಿ.

ನನ್ನ ಹಾಸಿಗೆ ಹೊತ್ತು ತಂದವರು ವಾರ್ಡನಮ್ಮನೇ. ಕೆಳಗಿಟ್ಟು, ಅತ್ತಿತ್ತ ನೋಡಿ, ಮೆಲ್ಲಗೆ ಕೇಳಿದರು: “ನಮ್ಮ ಮನೇಲೂ ಇಂಥದೇ ಒಂದು ಗೋಡೆ ಇದೆ. ಮಕ್ಕಳು ಅದರ ಪಕ್ಕಾನೇ ಮಲಗ್ತಾರೆ. ಒಂದ್ಸಲ ಬಂದು ನೋಡ್ತೀಯೇನಮ್ಮಾ?”

ಚಪ್ಪಲಿ ಮೆಟ್ಟಿ ಬಾಗಿಲಲ್ಲಿ ಕಾಯುತ್ತಿದ್ದಾರೆ, ಹೊರಟೆ.

ನಿಮ್ಮ ಅಕ್ಕನ ಮಗಳು