ಭದ್ರಮ್ಮನ ಉಸಿರಿನ ಸುಳಿ

ಹೊಸೂರು
15-6-2025

ತೀರ್ಥರೂಪ ಸಮಾನರಾದ ಶ್ರೀನಿವಾಸ ಭಾವನವರಿಗೆ,

ರಘುನಾಥ ಮಾಡುವ ನಮಸ್ಕಾರಗಳು. ನಾವೆಲ್ಲ ಇಲ್ಲಿ ಕ್ಷೇಮ. ಯುಗಾದಿಗೆ ನೀವು ಬರೆದ ಕಾಗದಕ್ಕೆ ಮುಂಗಾರು ಶುರುವಾದ ಮೇಲೆ ಉತ್ತರ ಬರೆಯುತ್ತಿದ್ದೇನೆ, ಕ್ಷಮಿಸಬೇಕು. "ಫೋನ್ ಮಾಡಿ ಎರಡು ಮಾತಾಡಿದ್ರೆ ಆಗ್ತಿತ್ತಲ್ಲ" ಎಂದು ನಮ್ಮ ಮನೆಯವಳು ಚಂದ್ರಲೇಖಾ ಗದರಿದಳು. ಫೋನಿನಲ್ಲಿ ನಾವಿಬ್ಬರೂ ಮಳೆ ಬಂತಾ, ಬಿಪಿ ಮಾತ್ರೆ ತಗೊಂಡ್ರಾ ಎಂದು ಕೇಳಿ ಇಟ್ಟುಬಿಡುತ್ತೇವೆ. ಅದಕ್ಕೇ ಕಾಗದ.

ನಿಮ್ಮ ಮಗಳು ಕಲ್ಪನಾ ಬಿ.ಎಸ್ಸಿ. ಎರಡನೇ ವರ್ಷದಲ್ಲಿ ಚೆನ್ನಾಗಿ ಪಾಸಾದಳೆಂದು ಓದಿ ಸಂತೋಷವಾಯಿತು. ನೀವು ತಿಳಿಸಾರು ಮಾಡುವುದನ್ನು ಕಲಿತಿರೆಂದು ಬರೆದಿದ್ದಿರಿ. ಅದನ್ನು ಮಾತ್ರ ನಾನು ಬಂದು ರುಚಿ ನೋಡಿದ ಮೇಲೆಯೇ ನಂಬುವುದು.

ಈ ಸಲ ನಿಮಗೆ ಹೇಳಬೇಕಾದ ದೊಡ್ಡ ಸುದ್ದಿಯೊಂದಿದೆ. ನನ್ನ ಸುದ್ದಿಯಲ್ಲ, ಇಬ್ಬರು ಹೆಂಗಸರದ್ದು. ಒಬ್ಬರು ಡಾಕ್ಟರ್ ಭಾಗ್ಯಲಕ್ಷ್ಮಿ, ಇಲ್ಲಿನ ಆಸ್ಪತ್ರೆಯಲ್ಲಿ ಸಿಟಿ ಸ್ಕ್ಯಾನ್ ಓದುವವರು. ಇನ್ನೊಬ್ಬರು ಬೇರಿಕೆ ಎಂಬ ಹಳ್ಳಿಯ ಭದ್ರಮ್ಮ.

ನನ್ನ ಕೆಲಸ ನಿಮಗೆ ಗೊತ್ತು. ನಮ್ಮ ಕಾರ್ಖಾನೆಯ ಫ್ಯಾನು, ಬ್ಲೋಯರುಗಳ ಒಳಗೆ ಗಾಳಿ ಹೇಗೆ ಹರಿಯುತ್ತದೆ, ಎಲ್ಲಿ ಸುಳಿ ಕಟ್ಟುತ್ತದೆ ಎಂದು ಕಂಪ್ಯೂಟರಿನಲ್ಲಿ ಲೆಕ್ಕ ಹಾಕಿ ನೋಡುವುದು. ಹೊಳೆಯಲ್ಲಿ ಬಂಡೆಯ ಹಿಂದೆ ನೀರು ಗಿರಗಿರ ಸುತ್ತುತ್ತದಲ್ಲ, ಗಾಳಿಯೂ ಹಾಗೆಯೇ. ಕಳೆದ ವರ್ಷ ಡಾಕ್ಟರ್ ನಮ್ಮ ಕಾರ್ಖಾನೆಗೆ ಬಂದು ಶ್ವಾಸಕೋಶದ ಕ್ಯಾನ್ಸರಿನ ಬಗ್ಗೆ ಮಾತಾಡಿದರು. ಕಾಯಿಲೆಯ ಸುಳಿವೇ ಇಲ್ಲದಾಗ, ಕಡಿಮೆ ವಿಕಿರಣದ ಸ್ಕ್ಯಾನ್ ಮಾಡಿ ಹುಡುಕುವ ಕೆಲಸವನ್ನು ಅವರು ಸುತ್ತಲಿನ ಹಳ್ಳಿಗಳವರಿಗಾಗಿ ಶುರು ಮಾಡಿದ್ದರು. ಮಾತು ಮುಗಿದ ಮೇಲೆ ನಾನು ಹೋಗಿ, ಶ್ವಾಸನಾಳದ ಕವಲುಗಳಲ್ಲೂ ಗಾಳಿ ಸುಳಿ ಕಟ್ಟುತ್ತದೆ, ಸ್ಕ್ಯಾನ್ ಕೊಟ್ಟರೆ ಅದನ್ನು ಕಂಪ್ಯೂಟರಿನಲ್ಲಿ ತೋರಿಸಬಲ್ಲೆ ಎಂದೆ. ಅವರು ನನ್ನನ್ನು ಮೇಲಿಂದ ಕೆಳಗೆ ನೋಡಿದರು. "ಅದ್ರಿಂದ ಕ್ಯಾನ್ಸರ್ ಬೇಗ ಗೊತ್ತಾಗುತ್ತಾ?" ಎಂದು ಕೇಳಿದರು. ಗೊತ್ತಿಲ್ಲ ಎಂದೆ. "ಗೊತ್ತಿಲ್ಲ ಅಂತ ಹೇಳೋ ಇಂಜಿನಿಯರ್ ಸಿಕ್ಕಿದ್ದು ಒಳ್ಳೇದಾಯ್ತು, ಶನಿವಾರ ಬನ್ನಿ" ಎಂದರು. ನಿಮಗ್ಯಾಕೆ ಇದು ಎಂದು ಮಾತ್ರ ಕೇಳಲಿಲ್ಲ.

ಅಂದಿನಿಂದ ಶನಿವಾರ ಪಾಳಿ ಮುಗಿದೊಡನೆ ಅಲ್ಲಿಗೆ ಹೋಗುತ್ತೇನೆ. ಅವರು ಸ್ಕ್ಯಾನ್ ಓದುವುದನ್ನು ನೀವೊಮ್ಮೆ ನೋಡಬೇಕು, ಭಾವ. ಕೋಣೆಯ ದೀಪ ಆರಿಸಿ, ಕನ್ನಡಕವನ್ನು ಮೂಗಿನ ತುದಿಗೆ ಇಳಿಸಿ ಕೂರುತ್ತಾರೆ. ತೆರೆಯ ಮೇಲೆ ಎದೆಯ ಒಳಗು ಪದರ ಪದರವಾಗಿ ಮೇಲಿನಿಂದ ಕೆಳಗೆ ಜಾರುತ್ತದೆ. ನನಗೆ ಎಲ್ಲ ಬಿಳಿ ಚುಕ್ಕೆಯೂ ಒಂದೇ. ಅವರು ಹೇಳಿಕೊಟ್ಟರು: "ರಕ್ತನಾಳ ಆದ್ರೆ ಮುಂದಿನ ಪದರದಲ್ಲೂ ಸ್ವಲ್ಪ ಸರಿದು ಕಾಣುತ್ತೆ, ದಾರಿ ಥರ ಮುಂದೆ ಹೋಗ್ತಾ ಇರುತ್ತೆ. ಗಂಟು ಹಂಗಲ್ಲ. ಇದ್ದಕ್ಕಿದ್ದಂಗೆ ಬರುತ್ತೆ, ಎರಡು ಮೂರು ಪದರ ಇರುತ್ತೆ, ಮಾಯ ಆಗುತ್ತೆ." ಒಂದು ಸಲ ಎಡಭಾಗ, ಇನ್ನೊಂದು ಸಲ ಬಲಭಾಗ, ಮತ್ತೆ ಮೊದಲಿಂದ. ಮಧ್ಯೆ ಯಾರಾದರೂ ಬಾಗಿಲು ತೆರೆದರೆ ಪುನಃ ಮೇಲಿನಿಂದ ಶುರು. ದುಡುಕುವುದಿಲ್ಲ, ಬೇಸರಪಡುವುದಿಲ್ಲ. ನಾನು ಅಷ್ಟು ಗಮನವಿಟ್ಟು ನೋಡುವವರನ್ನು ಕಂಡಿಲ್ಲ.

ಎಲ್ಲ ಸಲವೂ ಅವರ ಅನುಮಾನ ನಿಜವಾಗುವುದಿಲ್ಲ. ಕೆಲಮಂಗಲದ ಹನುಮಯ್ಯ ಮೇಷ್ಟ್ರ ಸ್ಕ್ಯಾನಿನಲ್ಲಿ ಒಂದು ಚುಕ್ಕೆ ಕಂಡು, ಎರಡನೇ ಸ್ಕ್ಯಾನಿನವರೆಗೆ ಆ ಮನುಷ್ಯ ಊಟ ನಿದ್ದೆ ಬಿಟ್ಟಿದ್ದರು. ಅದು ಹಳೆಯ ಸೋಂಕಿನ ಕಲೆ, ಏನೂ ಅಲ್ಲ. ಡಾಕ್ಟರ್ ತಾವೇ ಅವರ ಮನೆಗೆ ಹೋಗಿ, ಜಗಲಿಯ ಮೇಲೆ ಕೂತು, ಕಾಫಿ ಕುಡಿದು ಹೇಳಿ ಬಂದರು. "ಹೆದರಿಸಿದ್ದು ನಾನು, ಧೈರ್ಯ ಹೇಳೋಕೂ ನಾನೇ ಹೋಗಬೇಕಲ್ವಾ?" ಎಂದರು ನನ್ನೊಡನೆ.

ಈಗ ಭದ್ರಮ್ಮನ ವಿಷಯಕ್ಕೆ ಬರುತ್ತೇನೆ.

ಆ ದಿನ ಸ್ಕ್ಯಾನಿಗೆ ಬರಬೇಕಿದ್ದವನು ಅವರ ಗಂಡ ದಾಸಪ್ಪ. ರಾಗಿ, ಟೊಮ್ಯಾಟೊ ಬೆಳೆಯುವ ರೈತ, ಮೀಸೆ ಮೂಡಿದಾಗಿನಿಂದ ಬೀಡಿ ಸೇದಿದವನು. ಆಸ್ಪತ್ರೆಯ ವ್ಯಾನಿನಲ್ಲಿ ಬಂದು ಇಳಿದವನು, ಸ್ಕ್ಯಾನ್ ಮೆಷಿನ್ ನೋಡಿದ್ದೇ ಬಾಗಿಲ ಚೌಕಟ್ಟು ಹಿಡಿದು ನಿಂತುಬಿಟ್ಟ.

"ನಾ ಒಳಕ್ಕೆ ಬರಲ್ಲ. ನಂಗೇನಾಗೈತೆ? ಕಲ್ಲುಗುಂಡು ಇದ್ದಂಗಿವ್ನಿ. ಇಲ್ದಿರೋ ಕಾಯಿಲೇನ ಇವ್ರೇ ಹುಡುಕಿ ಕೊಡ್ತಾರೆ."

ಜೊತೆಗೆ ಬಂದಿದ್ದ ಭದ್ರಮ್ಮ ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡರು. "ಸರಿ ಬುಡು. ಅದ್ರೊಳ್ಗೆ ಏನ್ ಮಾಡ್ತಾರೋ ನಾನೇ ಮೊದ್ಲು ಮಲಗೆದ್ದು ಬತ್ತೀನಿ. ನಾ ಬದುಕಿ ಬಂದ್ರೆ ಆಮ್ಯಾಕೆ ನೀನು ಓಗು."

ನಾವೆಲ್ಲ ನಕ್ಕೆವು. ಡಾಕ್ಟರ್ ಮಾತ್ರ ನಗಲಿಲ್ಲ. ಸುಮ್ಮನೆ ತೋರಿಸುವುದಕ್ಕಾಗಿ ಯಾರನ್ನೂ ಸ್ಕ್ಯಾನಿಗೆ ಮಲಗಿಸುವಂತಿಲ್ಲ. ಬಹುಕಾಲ ಬೀಡಿ ಸಿಗರೇಟು ಸೇದಿದವರಿಗೆ ಮಾತ್ರ ಇದು. ಅವರು ಭದ್ರಮ್ಮನನ್ನು ಕೂರಿಸಿಕೊಂಡು ಕೇಳಿದರು.

"ನೀವು ಬೀಡಿ ಸೇದ್ತೀರಾಮ್ಮ?"

"ಥೂ, ನಾನ್ಯಾಕೆ ಸೇದ್ಲಿ ಡಾಕ್ಟ್ರಮ್ಮ? ಇವ್ನು ಬಿಟ್ಟ ಹೊಗೆ ಕುಡ್ದೇ ಒಟ್ಟೆ ತುಂಬೈತೆ."

"ಕೆಲಸ ಏನು ಮಾಡ್ತೀರಿ?"

"ಕಲ್ಲು ಪಾಲಿಸ್ ಮಾಡೋ ಶೆಡ್ಡಲ್ಲಿ ಗುಡ್ಸೋದು. ಮದ್ವೆ ಆಗಿ ಬಂದಾಗ್ಲಿಂದ."

"ಕೆಮ್ಮು?"

"ಧೂಳಲ್ಲಿರೋರ್ಗೆ ಕೆಮ್ಮು ಇಲ್ದೆ ಇರ್ತದಾ? ಈಗ ಒಂದು ಆರು ತಿಂಗ್ಳಿಂದ ಮಾತ್ರ ಒಂದ್ ಥರ ಒಣ ಕೆಮ್ಮು."

ಯಾರೂ ಕೇಳದೆ ಇದ್ದದ್ದನ್ನು ಡಾಕ್ಟರ್ ಕೇಳಿದರು. ಅಷ್ಟೇ, ಭಾವ. ಕೆಮ್ಮು, ಗ್ರಾನೈಟ್ ಧೂಳು ಎರಡನ್ನೂ ಬರೆದು, ಸರಿಯಾದ ಕಾರಣ ಕೊಟ್ಟು, ಆಕೆಗೂ ಸ್ಕ್ಯಾನ್ ಮಾಡಿಸಿದರು. ಭದ್ರಮ್ಮ ಎದ್ದು ಬಂದು "ಏನೂ ಇಲ್ಲ ಕಣೋ, ತೊಟ್ಲಲ್ಲಿ ಮಲಗ್ದಂಗೈತೆ" ಎಂದ ಮೇಲೆ ದಾಸಪ್ಪ ಒಳಗೆ ಹೋದ.

ದಾಸಪ್ಪನ ಸ್ಕ್ಯಾನಿನಲ್ಲಿ ಹೊಗೆಯ ಹಾನಿ ಬಿಟ್ಟರೆ ಗಂಟು ಗಿಂಟು ಏನೂ ಇರಲಿಲ್ಲ. ಭದ್ರಮ್ಮನ ಬಲ ಶ್ವಾಸಕೋಶದಲ್ಲಿ, ಗಾಳಿಯ ನಾಳ ಕವಲೊಡೆಯುವ ಕಡೆ, ನಾಳಕ್ಕೆ ಅಂಟಿಕೊಂಡಂತೆ ಕಡಲೆಕಾಳಿಗಿಂತ ಚಿಕ್ಕದೊಂದು ಮಸುಕು ಇತ್ತು. ಗಂಟುಗಳನ್ನು ಗುರುತು ಹಾಕುವ ಕಂಪ್ಯೂಟರ್ ಪ್ರೋಗ್ರಾಮು ಅದನ್ನು ಬಿಟ್ಟಿತ್ತು. ಎರಡನೆಯವರಾಗಿ ಓದಿದ ಚೆನ್ನೈಯ ಡಾಕ್ಟರು ರಕ್ತನಾಳದ ತಿರುವು ಎಂದು ಬರೆದಿದ್ದರು. ಭಾಗ್ಯಲಕ್ಷ್ಮಿಯವರು ಅದನ್ನೇ ಹಿಂದಕ್ಕೆ ಮುಂದಕ್ಕೆ ಜಾರಿಸುತ್ತ ಬಹಳ ಹೊತ್ತು ಕೂತರು. "ಇದು ಎಲ್ಲಿಗೂ ಹೋಗ್ತಿಲ್ಲ ರಘುನಾಥ್. ನಾಳ ಆಗಿದ್ರೆ ಎಲ್ಲಿಗಾದ್ರೂ ಹೋಗಬೇಕಿತ್ತು" ಎಂದರು. ಚೆನ್ನೈಗೆ ಫೋನ್ ಮಾಡಿ ತಮಿಳಿನಲ್ಲಿ ನಿಧಾನವಾಗಿ ವಾದಿಸಿದರು. ಆತ ಹಿರಿಯರು, ಇವರಿಗೆ ಒಂದು ಕಾಲಕ್ಕೆ ಪಾಠ ಹೇಳಿದವರು. ಕೊನೆಗೆ, ಮೂರು ತಿಂಗಳು ಬಿಟ್ಟು ಇನ್ನೊಮ್ಮೆ ನೋಡುವುದೆಂದಾಯಿತು.

ಮೂರು ತಿಂಗಳಿಗೆ ಅದು ಬೆಳೆದಿತ್ತು. ಸೂಜಿ ಹಾಕಿ ಚೂರು ತೆಗೆದು ಪರೀಕ್ಷಿಸಿದರು. ಕ್ಯಾನ್ಸರ್. ಇನ್ನೂ ಎಲ್ಲೂ ಹರಡಿರಲಿಲ್ಲ. ಚೆನ್ನೈಯ ಆ ಹಿರಿಯರೇ ಫೋನ್ ಮಾಡಿ, "ನೀನು ನೋಡಿದೆ, ನಾನು ನೋಡಲಿಲ್ಲಮ್ಮ" ಎಂದರಂತೆ. ಅದನ್ನು ಹೇಳುವಾಗ ಡಾಕ್ಟರ ಮುಖದಲ್ಲಿ ಗೆದ್ದ ಹೆಮ್ಮೆ ಇರಲಿಲ್ಲ. "ಅವರು ಹಂಗೆ ಹೇಳಿದ್ರಲ್ಲ, ಅದು ದೊಡ್ಡದು" ಎಂದಷ್ಟೇ ಅಂದರು.

ಆಪರೇಷನ್ ಮಾಡಿದರೆ ಪೂರ್ತಿ ಗುಣವಾಗುವ ಸಾಧ್ಯತೆ ಹೆಚ್ಚು ಎಂದು ತಿಳಿಸಿದಾಗ ಭದ್ರಮ್ಮ ಒಲ್ಲೆ ಎಂದರು. ನೋವಿಲ್ಲ, ಜ್ವರವಿಲ್ಲ, ಮೊನ್ನೆ ತಾನೆ ಹುರುಳಿ ಕಿತ್ತಿದ್ದೇನೆ, ಎದೆ ಯಾಕೆ ಕೊಯ್ಯಬೇಕು ಎಂದು ಕೇಳಿದರು. ದಾಸಪ್ಪ ಅತ್ತ. ಡಾಕ್ಟರ್ ತೋರಿಸಿದ ಕಪ್ಪು ಬಿಳುಪು ಚಿತ್ರದಲ್ಲಿ ಆಕೆಗೆ ಏನೂ ಕಾಣಲಿಲ್ಲ. ಆಗ ಡಾಕ್ಟರ್ ನನ್ನ ಕಡೆ ತಿರುಗಿ, "ನಿಮ್ಮದನ್ನ ತೋರಿಸಿ" ಎಂದರು.

ಭದ್ರಮ್ಮನ ಒಪ್ಪಿಗೆ ಪಡೆದು, ಅವರದೇ ಸ್ಕ್ಯಾನಿನಿಂದ ಶ್ವಾಸನಾಳದ ಆಕಾರ ತೆಗೆದು, ಅದರೊಳಗೆ ಗಾಳಿ ಹರಿಸಿ ನಾನು ಲೆಕ್ಕ ಮಾಡಿದ್ದೆ. ಕಂಪ್ಯೂಟರಿನಲ್ಲಿ ನೀಲಿ ಎಳೆಗಳು ಗಂಟಲಿನಿಂದ ಇಳಿದು, ಕವಲಿನಲ್ಲಿ ಒಡೆದು, ಎಡಕ್ಕೆ ಸರಾಗವಾಗಿ ಹೋದವು. ಬಲಕ್ಕೆ ಹೋದವು ಒಂದು ಕಡೆ ಇಕ್ಕಟ್ಟಿಗೆ ಸಿಕ್ಕಿ, ಅದರ ಹಿಂದೆ ಕೆಂಪಾಗಿ ಸುತ್ತತೊಡಗಿದವು. ಆಕೆ ಕುರ್ಚಿ ಎಳೆದುಕೊಂಡು ಹತ್ತಿರ ಬಂದರು.

"ಇದು ನನ್ನ ಉಸ್ರಾ ಸಾರ್?"

"ಹೌದಮ್ಮ, ನಿಮ್ಮದೇ."

"ಇಷ್ಟ್ ಚೆಂದಾಗೈತಾ?"

ನಾನು ಚಿತ್ರವನ್ನು ಇನ್ನಷ್ಟು ಹಿಗ್ಗಿಸಿದೆ. ಕವಲಿನಲ್ಲಿ ಎಲ್ಲರಿಗೂ ಒಂದಿಷ್ಟು ಸುಳಿ ಇರುತ್ತದೆ, ನಿಮಗೆ ಗಂಟು ಒತ್ತಿರುವುದರಿಂದ ಇಲ್ಲಿ ದೊಡ್ಡದಾಗಿದೆ, ಇದು ಕ್ಯಾನ್ಸರ್ ಹೌದೋ ಅಲ್ಲವೋ ಎಂದು ಈ ಚಿತ್ರ ಹೇಳುವುದಿಲ್ಲ, ಅದನ್ನು ಹೇಳಿದ್ದು ಡಾಕ್ಟರ್ ಎಂದು ವಿವರಿಸಿದೆ. ಆಕೆ ಆ ಕೆಂಪು ಸುಳಿಯನ್ನು ಬೆರಳಿನಿಂದ ಮುಟ್ಟಿದರು.

"ಆ ಗಂಟು ತೆಗುದ್ರೆ ಇದೂ ಆ ಕಡೇದರಂಗೆ ನೆಟ್ಟಗೆ ಓಗ್ತದಾ?"

"ಆ ತುಂಡನ್ನೇ ತೆಗೀತಾರಮ್ಮ" ಎಂದರು ಡಾಕ್ಟರ್, ಸುಳ್ಳು ಧೈರ್ಯ ಹೇಳದೆ. "ಮಿಕ್ಕಿದ್ದು ಚೆನ್ನಾಗಿ ಉಸಿರಾಡುತ್ತೆ. ಮೊದಲು ಸ್ವಲ್ಪ ಏದುಸಿರು ಬರುತ್ತೆ, ಆಮೇಲೆ ಅಭ್ಯಾಸ ಆಗುತ್ತೆ."

ಭದ್ರಮ್ಮ ಗಂಡನ ಕಡೆ ತಿರುಗಿದರು. "ನಾ ಕೊಯ್ಸ್ಕೊಂತೀನಿ. ಆದ್ರೆ ಇವತ್ತಿಂದ ನೀ ಬೀಡಿ ಮುಟ್ಟಂಗಿಲ್ಲ. ನನ್ನೆದೆ ನಾ ಕೊಡ್ತೀನಿ, ನಿನ್ ಬೀಡಿ ನೀ ಕೊಡು. ಆಗ್ತದಾ?"

ದಾಸಪ್ಪ ಜೇಬಿನಿಂದ ಬೀಡಿ ಕಟ್ಟು ತೆಗೆದು ಡಾಕ್ಟರ ಮೇಜಿನ ಮೇಲೆ ಇಟ್ಟ. ಬೆಂಕಿಪೊಟ್ಟಣವನ್ನೂ ಇಟ್ಟ. "ಇವ್ಳು ಒಳ್ಗಡೆಗೆ ಮೊದ್ಲು ಓಗಿದ್ದು ನನ್ಗೋಸ್ಕರ ಡಾಕ್ಟ್ರಮ್ಮ" ಎಂದು ಎರಡನ್ನೂ ಮೇಜಿನ ಆಚೆಗೆ ತಳ್ಳಿದ.

ಆಪರೇಷನ್ ಬೆಂಗಳೂರಿನಲ್ಲಿ ಆಯಿತು. ಗಂಟಿನ ಅಂಚಿನಲ್ಲೂ ಸುತ್ತಲಿನ ಗ್ರಂಥಿಗಳಲ್ಲೂ ಏನೂ ಉಳಿದಿಲ್ಲವೆಂದು ವರದಿ ಬಂತು. ಎರಡು ವಾರದ ಹಿಂದೆ ಗಂಡ ಹೆಂಡತಿ ಇಬ್ಬರೂ ಬಸ್ಸಿಳಿದು ನಡೆದೇ ಆಸ್ಪತ್ರೆಗೆ ಬಂದರು. ದಾಸಪ್ಪನ ಬಾಯಲ್ಲಿ ಬೀಡಿಯ ಬದಲು ಸದಾ ಸೋಂಪು. ಭದ್ರಮ್ಮ ಮೆಟ್ಟಿಲ ಮೇಲೆ ಒಂದು ಕಡೆ ನಿಂತು ಸುಧಾರಿಸಿಕೊಂಡರು, ಕೈ ಹಿಡಿಯಲು ಹೋದ ಗಂಡನನ್ನು "ನಿಂಗೇ ಏದುಸಿರು, ಬುಡು" ಎಂದು ಗದರಿದರು. ಶೆಡ್ಡಿಗೆ ಅವರಿನ್ನು ಹೋಗುವುದಿಲ್ಲ. ಆದರೆ ಅಲ್ಲಿ ಉಳಿದ ಹೆಂಗಸರನ್ನು ಒಬ್ಬೊಬ್ಬರನ್ನಾಗಿ ಡಾಕ್ಟರ ಬಳಿ ಕರೆತರುತ್ತಿದ್ದಾರೆ. ಒಲ್ಲೆ ಎಂದವರಿಗೆ, "ನಿನ್ ಉಸ್ರು ನೀನು ನೋಡಿದ್ದೀಯಾ? ನಾ ನೋಡಿವ್ನಿ" ಎನ್ನುತ್ತಾರಂತೆ. ಶೆಡ್ಡಿನ ಮಾಲೀಕರ ಬಳಿ ಡಾಕ್ಟರೂ ನಾನೂ ಎರಡು ಸಲ ಹೋಗಿ ಬಂದೆವು. ಧೂಳು ಏಳದಂತೆ ಕಲ್ಲಿಗೆ ನೀರು ಬಿಟ್ಟು ಕೊಯ್ಯಲು ಒಪ್ಪಿದ್ದಾರೆ. ಧೂಳು ಎಳೆಯುವ ಫ್ಯಾನನ್ನು ಎಲ್ಲಿಟ್ಟರೆ ಸುಳಿ ಕಟ್ಟುವುದಿಲ್ಲವೆಂದು ನಾನು ಲೆಕ್ಕ ಮಾಡುತ್ತಿದ್ದೇನೆ. ಇಷ್ಟು ವರ್ಷ ಮಾಡಿದ ಕೆಲಸದಲ್ಲಿ ನನಗೆ ಇಷ್ಟು ಹುರುಪು ಬಂದದ್ದಿಲ್ಲ.

ಡಾಕ್ಟರ್ ಭಾಗ್ಯಲಕ್ಷ್ಮಿಯವರನ್ನು ನೀವು ಒಮ್ಮೆ ನೋಡಬೇಕು. ಶ್ರಾವಣದಲ್ಲಿ ಕಲ್ಪನಾಳನ್ನು ಕರೆದುಕೊಂಡು ಬನ್ನಿ. ಅವಳಿಗೆ ನನ್ನ ಮತ್ತು ಚಂದ್ರಲೇಖಾಳ ಆಶೀರ್ವಾದ ತಿಳಿಸಿ. ಚೆನ್ನಾಗಿ ಓದಲಿ, ಅಪ್ಪನನ್ನು ಗದರಿಕೊಂಡಾದರೂ ನೋಡಿಕೊಳ್ಳಲಿ. ನಿಮ್ಮ ಆರೋಗ್ಯ ಜೋಪಾನ.

ಇಂತಿ ನಿಮ್ಮ ಪ್ರೀತಿಯ ಭಾವಮೈದುನ,
ರಘುನಾಥ

ಮರೆತ ಮಾತು: ಮರೆತದ್ದಲ್ಲ ಭಾವ, ಇಡೀ ಕಾಗದದಲ್ಲಿ ಎಲ್ಲಿ ಬರೆಯಬೇಕೋ ತಿಳಿಯಲಿಲ್ಲ. ಕೋಮಲಕ್ಕ ಹೋಗಿ ಬರುವ ಶ್ರಾವಣಕ್ಕೆ ಮೂರು ವರ್ಷ. ಅವಳೂ ಬೀಡಿ ಸಿಗರೇಟು ಮುಟ್ಟಿದವಳಲ್ಲ, ಅವಳ ಕೆಮ್ಮನ್ನು ಆಗ ನೋಡಿದ ಡಾಕ್ಟರುಗಳು ಅಲರ್ಜಿ ಎಂದರು. ಸ್ಕ್ಯಾನ್ ಆಗುವ ಹೊತ್ತಿಗೆ ಎರಡೂ ಕಡೆ ತುಂಬಿಹೋಗಿತ್ತು. ನೀವೂ ನಾನೂ ಅಂದಿನಿಂದ ಅವಳ ಹೆಸರು ಹಿಡಿದು ಮಾತಾಡಿಲ್ಲ. ಡಾಕ್ಟರ್ ಈಗ ಹೊಗೆ ಸೇದದೆಯೂ ಕಾಯಿಲೆ ಬಂದವರ ಸ್ಕ್ಯಾನುಗಳನ್ನು ಅಭ್ಯಾಸಕ್ಕೆಂದು ಕೂಡಿಸುತ್ತಿದ್ದಾರೆ. ಅಕ್ಕನ ಸ್ಕ್ಯಾನಿನ ಸಿಡಿ ನಿಮ್ಮ ಬೀರುವಿನಲ್ಲಿದೆ. ಕೊಡುತ್ತೀರಾ ಎಂದು ಕೇಳಲು ಧೈರ್ಯ ಸಾಲದೆ ಈ ಕಾಗದ ಇಷ್ಟು ತಡವಾಯಿತು. ಸ್ಕ್ಯಾನ್ ತೆಗೆಯುವಾಗ "ಉಸಿರು ಹಿಡ್ಕೊಳ್ಳಿ" ಎನ್ನುತ್ತಾರೆ. ಅಕ್ಕನ ಸ್ಕ್ಯಾನಿನ ದಿನ ಹೊರಗೆ ನಿಂತಿದ್ದ ನಮ್ಮಿಬ್ಬರಿಗೂ ಅದು ಕೇಳಿಸಿತ್ತು. ಆ ಸಿಡಿಯೊಳಗೆ ಅಕ್ಕ ಇನ್ನೂ ಹಿಡಿದುಕೊಂಡೇ ಇದ್ದಾಳೆ ಅನ್ನಿಸುತ್ತದೆ. ಯಾರ್ಯಾರದೋ ಉಸಿರು ನೋಡಿದೆ. ನನಗೆ ಅವಳದನ್ನು ಒಂದು ಸಲ ನೋಡಬೇಕು, ಭಾವ. ನಿಮಗೂ ನೋಡಬೇಕೆನಿಸಿದರೆ ಬರುವಾಗ ತನ್ನಿ, ಇಬ್ಬರೂ ಕೂತು ನೋಡೋಣ.